ಗಿರಿಜಕ್ಕನ ಸ್ಪ್ಯಾನಿಷ್

ಬೆಳಿಗ್ಗೆ ದಾಳಿಂಬೆ ಬಿಡಿಸುವಾಗ ರಸ ಸಿಡಿದು ಕನ್ನಡಕದ ಮೇಲೆ ಬಿತ್ತು. ಒರೆಸಿಕೊಳ್ಳುತ್ತಾ ಒಬ್ಬಳೇ ನಕ್ಕೆ. ಯಾಕೆ ಅಂತೀರಾ? ಗಿರಿಜಕ್ಕ ನೆನಪಾದರು.

ಹತ್ತು ವರ್ಷದ ಹಿಂದಿನ ಮಾತು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಎಂ.ಎಸ್‌ಸಿ. ಓದುತ್ತಿದ್ದ ನಾನು ಸಂಜೆಯ ಸ್ಪ್ಯಾನಿಷ್ ತರಗತಿಗೂ ಸೇರಿದ್ದೆ. ಪಕ್ಕದಲ್ಲಿ ಕೂರುತ್ತಿದ್ದವರು ಧಾರವಾಡದ ಗಿರಿಜಕ್ಕ. ಡಾಕ್ಟರೊಬ್ಬರ ಹೆಂಡತಿ, ಐವತ್ತು ದಾಟಿದವರು. ಆ ಊರಿಗೆ ಬಂದು ಇಪ್ಪತ್ತು ವರ್ಷವಾಗಿದ್ದರೂ ಇಂಗ್ಲಿಷ್ ಎಂದರೆ ಅವರಿಗೆ ಅಳುಕು. ಜಿಪಿಗೆ, ಅಂದರೆ ಫ್ಯಾಮಿಲಿ ಡಾಕ್ಟರಿಗೆ, ಫೋನ್ ಮಾಡಲೂ ಗಂಡನೇ ಬೇಕು. ಮತ್ತೆ ಸ್ಪ್ಯಾನಿಷ್ ಯಾಕೆಂದರೆ, "ಈ ಕ್ಲಾಸಿನ್ಯಾಗ ಎಲ್ಲಾರೂ ನನ್ನಂಗ ತಪ್ಪು ಮಾತಾಡೋರ ಅದಾರ ನೋಡವಾ," ಎನ್ನುತ್ತಿದ್ದರು.

ನಾನು ಮಾತ್ರ ತಪ್ಪು ಮಾತಾಡುತ್ತಿರಲಿಲ್ಲ. ಅಂದರೆ, ಮಾತೇ ಆಡುತ್ತಿರಲಿಲ್ಲ. ಪರೀಕ್ಷೆಯಲ್ಲಿ ಬರೆದು ಮೊದಲ ಸ್ಥಾನ ಪಡೆಯುತ್ತಿದ್ದೆ.

ಜೂನ್‌ನಲ್ಲಿ ಟೀಚರ್ ನಮ್ಮನ್ನೆಲ್ಲ ಸ್ಪೇನಿನ ಗ್ರನಾಡಾಕ್ಕೆ ಕರೆದೊಯ್ದರು. ಬೆಟ್ಟದ ಮೇಲೆ ಅಲ್ಹಂಬ್ರಾ ಕೋಟೆ. ಅದರ ಅರಮನೆಗೆ ಟಿಕೆಟ್‌ನಲ್ಲಿ ಬರೆದ ಹೊತ್ತಿಗೇ ಹೋಗಬೇಕು. ಹೊತ್ತಾಯಿತು, ಗಿರಿಜಕ್ಕ ಇಲ್ಲ! ಹೊರಡುವಾಗ ಅವರ ಗಂಡ ಡಾಕ್ಟರು, "ಆಕೀನ ಒಂದೀಟು ನೋಡ್ಕೋ ತಂಗಿ," ಎಂದಿದ್ದರು. ಉಳಿದವರು ಒಳಗೆ ಹೋದರು. ನಾನು ತೋಟವೆಲ್ಲ ಓಡಿದೆ.

ಕೆಂಪು ಹೂ ಬಿಟ್ಟ ದಾಳಿಂಬೆ ಗಿಡದ ಕೆಳಗೆ ಸಿಕ್ಕರು. ಮುದುಕ ಮಾಲಿಯೊಬ್ಬ ಕೊಂಬೆ ತೋರಿಸಿ ಏನೋ ಹೇಳುತ್ತಿದ್ದ. ಇವರು ಅರ್ಧ ಸ್ಪ್ಯಾನಿಷ್, ಅರ್ಧ ಧಾರವಾಡ, ಮಿಕ್ಕಿದ್ದು ಕೈಯಲ್ಲಿ ಉತ್ತರಿಸುತ್ತಿದ್ದರು.

"ನಮ್ಮಪ್ಪನ ತ್ವಾಟದಾಗೂ ಇವ ಗಿಡ ಇದ್ವು ಅಂದೆ. ತಿಳೀತವಾ ಅವ್ರಿಗೆ!" ಮುಖವೆಲ್ಲ ಹೊಳೆಯುತ್ತಿತ್ತು. ಬೈಯಬೇಕೆಂದಿದ್ದವಳು ಅವರ ಕೈ ಹಿಡಿದು ಓಡಿದೆ.

ಅರಮನೆಯ ಬಾಗಿಲಿಗೆ ಬಂದಾಗ ಅರ್ಧ ಗಂಟೆ ತಡ. ಕಾವಲುಗಾರ ಕೈಗಡಿಯಾರ ತೋರಿಸಿ ಆಗದೆಂದು ತಲೆಯಾಡಿಸಿದ. ತರಗತಿಗೇ ಮೊದಲಿಗಳಾದ ನಾನು ಸರಿಯಾದ ಕ್ರಿಯಾಪದ ಹುಡುಕುತ್ತಾ ನಿಂತೆ. ಗಿರಿಜಕ್ಕ ಮುಂದೆ ಬಂದು, ಎದೆ ಮುಟ್ಟಿಕೊಂಡು, ಸ್ಪ್ಯಾನಿಷ್‌ನಲ್ಲಿ ಹೇಳಿಯೇಬಿಟ್ಟರು:

"ಸೆನ್ಯೋರ್, ಅವಳು ಒಳ್ಳೆಯ ಹುಡುಗ. ನಾನು ಕೆಟ್ಟ ಹುಡುಗ. ಹೂವು ಬಹಳ ಚೆಂದ!"

ಆತ ಹೊಟ್ಟೆ ಹಿಡಿದು ನಕ್ಕು ದಾರಿ ಬಿಟ್ಟ. ಒಳಗಿನ ಕೊಳ, ಕಮಾನುಗಳಿಗಿಂತ ನನಗೆ ಈಗಲೂ ನೆನಪಿರುವುದು, ಅವುಗಳ ನಡುವೆ ಸೆರಗು ಬೀಸಿಕೊಂಡು ರಾಣಿಯಂತೆ ನಡೆದ ಗಿರಿಜಕ್ಕ.

ಮರಳಿದ ವಾರ ಅವರ ಮನೆಯಲ್ಲಿ ಚಹಾ ಕುಡಿಯುತ್ತಿದ್ದೆ. ಜಿಪಿಗೆ ಫೋನ್ ಮಾಡಲು ಡಾಕ್ಟರು ಎದ್ದರು. "ಕೂಡ್ರಿ, ನಾನ ಮಾಡ್ತೀನಿ," ಎಂದು ಗಿರಿಜಕ್ಕ ನಂಬರ್ ಒತ್ತಿದರು. ಹೆಸರಿನ ಸ್ಪೆಲಿಂಗ್ ಮೂರು ಸಲ ಹೇಳಬೇಕಾಯಿತು. ಮೂರನೆಯ ಸಲ ನಗುತ್ತಲೇ ಹೇಳಿದರು. ಡಾಕ್ಟರು ಚಹಾ ಆರಿಹೋದರೂ ಹೆಂಡತಿಯನ್ನೇ ನೋಡುತ್ತಿದ್ದರು.

ಇದನ್ನು ಬರೆಯುತ್ತಿರುವಾಗಲೇ ಅವರ ಫೋನ್ ಬಂತು. "ಆನ್‌ಲೈನ್‌ದಾಗ ಪೋರ್ಚುಗೀಸ್ ಕ್ಲಾಸ್ ಸುರು ಆಗತೈತಂತ. ನಿನ್ನ ಹೆಸರೂ ಕೊಟ್ಟೀನಿ."

ಆ ಭಾಷೆಯ ಒಂದಕ್ಷರವೂ ನನಗೆ ಬಾರದು. "ಬರ್ತೀನಿ ಅಕ್ಕಾ," ಎಂದುಬಿಟ್ಟೆ.