ಅತ್ತಿಗೆಯ ಬಳಪದ ಚಪಲ

ನಮ್ಮ ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳೇ ಇರಲಿಲ್ಲ. ಆದರೂ ಅತ್ತಿಗೆ ಅಂಗಡಿಗೆ ಹೋದಾಗಲೆಲ್ಲ ಬಳಪದ ಡಬ್ಬಿ ತರುತ್ತಿದ್ದರು. ಕೊಳ್ಳೇಗಾಲದ ಆ ಮನೆಯಲ್ಲಿ ಅಣ್ಣನಿಗೊಂದು, ಅತ್ತಿಗೆಗೊಂದು ರೇಷ್ಮೆ ಮಗ್ಗ. ಒಂದು ಮಧ್ಯಾಹ್ನ ಅತ್ತಿಗೆಯ ಮಗ್ಗದ ಸದ್ದು ನಿಂತಿತೆಂದು ಇಣುಕಿದೆ. ಅವರು ಕಟಕಟನೆ ಬಳಪ ಕಡಿಯುತ್ತಿದ್ದರು.

ನಾನೂ ಒಂದು ತುಂಡು ಬಾಯಿಗೆ ಹಾಕಿಕೊಂಡು ನೋಡಿದೆ. ಗೋಡೆ ನೆಕ್ಕಿದಂತಾಗಿ ಉಗಿದುಬಿಟ್ಟೆ. ಇದರಲ್ಲೇನು ರುಚಿ ಎಂದು ಕೇಳಿದೆ.

"ರುಚಿಗಲ್ಲ ಕಣವ್ವ. ಅಂಗಳಕ್ಕೆ ನೀರ್ ಆಕುದ್ರೂ ಸಾಕು, ಆ ವಾಸ್ನೆಗೆ ಬಾಯಲ್ಲಿ ನೀರ್ ಬತ್ತದೆ. ಯಾಕೋ ನಂಗೂ ಗೊತ್ತಿಲ್ಲ."

ಅಂದಿನಿಂದ ಅವರನ್ನು ಗಮನಿಸತೊಡಗಿದೆ. ಮಹಡಿ ಹತ್ತಿದರೆ ಏದುಸಿರು. ಕೂತು ಎದ್ದರೆ ತಲೆಸುತ್ತು. ಉಗುರುಗಳು ಬಿಳಿಚಿಕೊಂಡಿದ್ದವು. ಕೆಲಸದ ಆಯಾಸವೆಂದು ಅವರು ತಳ್ಳಿಹಾಕುತ್ತಿದ್ದರು. ಒತ್ತಾಯ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ವೈದ್ಯೆ ಅತ್ತಿಗೆಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. "ಮಣ್ಣು, ಅಕ್ಕಿ, ಬಳಪ ಏನಾದರೂ ತಿನ್ನಬೇಕು ಅನ್ನಿಸುತ್ತಾ?"

ಅತ್ತಿಗೆ ಬೆರಗಾಗಿ ನನ್ನ ಕಡೆ ತಿರುಗಿದರು. ಬಳಪದ ವಿಷಯ ನಾನು ವೈದ್ಯೆಗೆ ಹೇಳಿರಲೇ ಇಲ್ಲ.

ರಕ್ತ ಪರೀಕ್ಷೆಯಲ್ಲಿ ಕಬ್ಬಿಣದಂಶ ತೀರಾ ಕಡಿಮೆ ಇದೆಯೆಂದು ಗೊತ್ತಾಯಿತು. ಕಬ್ಬಿಣ ಕಡಿಮೆಯಾದರೆ ಕೆಲವರಿಗೆ ಇಂಥ ಚಪಲ ಹುಟ್ಟುತ್ತದಂತೆ. ಆದರೆ ಕಡಿಮೆಯಾಗಿದ್ದೇಕೆ? ವೈದ್ಯೆ ಕೇಳುತ್ತ ಹೋದಂತೆ, ವರ್ಷಗಳಿಂದ ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತಿದ್ದುದು ಹೊರಬಂತು. ಎಲ್ಲ ಹೆಂಗಸರಿಗೂ ಹಾಗೇ ಎಂದುಕೊಂಡು ಅವರು ಯಾರಿಗೂ ಹೇಳಿರಲಿಲ್ಲ. ವೈದ್ಯೆ ಅದಕ್ಕೂ ಔಷಧಿ ಕೊಟ್ಟರು, ಕಬ್ಬಿಣದ ಮಾತ್ರೆಯನ್ನೂ ಬರೆದರು. ಮಲ ಕಪ್ಪಾದರೆ ಹೆದರಬೇಡಿ ಎಂದರು. ಊಟದ ಬೆನ್ನಿಗೇ ಟೀ ಕುಡಿದರೆ ಸೊಪ್ಪಿನ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲವೆಂದೂ ತಿಳಿಸಿದರು. ಮುದ್ದೆ ಉಂಡು ಕೈ ತೊಳೆದ ಕೂಡಲೇ ಟೀ ಕುಡಿಯುವುದು ನಮ್ಮ ಮನೆಯ ರೂಢಿ. ಅದನ್ನು ಸಂಜೆಗೆ ಮುಂದೂಡಿದೆವು. ಹುರುಳಿಕಾಳಿನ ಸಾರು, ನುಗ್ಗೆಸೊಪ್ಪಿನ ಪಲ್ಯ ಮಾಡಿ ಮೇಲೆ ನಿಂಬೆಹಣ್ಣು ಹಿಂಡತೊಡಗಿದೆ. ನಿಂಬೆಯ ಹುಳಿ ಕಬ್ಬಿಣ ಹೀರಿಕೊಳ್ಳಲು ನೆರವಾಗುತ್ತದೆ ಎಂಬುದು ನನಗೆ ಹೊಸ ವಿಷಯ.

ಕೆಲವು ವಾರಗಳಲ್ಲೇ ಬಳಪ ಅತ್ತಿಗೆಗೆ ಬೇಡವಾಯಿತು. ಉಸಿರು ಸರಿಹೋಗಲು ಮಾತ್ರ ತಿಂಗಳುಗಳೇ ಹಿಡಿದವು.

ಒಂದು ದಿನ ಅವರು ಬಂಡಳ್ಳಿಯಲ್ಲಿದ್ದ ತಮ್ಮ ತಾಯಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದರು. ಆ ಕಡೆಯ ಮಾತು ಕೇಳುತ್ತಿದ್ದಂತೆ ಮುಖ ಗಂಭೀರವಾಯಿತು.

"ಅವ್ವ ಇವತ್ಗೂ ಒಲೆ ಮಣ್ ತಿಂತಾಳಂತೆ," ಎಂದರು ನನಗೆ.

ಮರುದಿನ ಬೆಳಿಗ್ಗೆ ಬಂಡಳ್ಳಿಗೆ ಹೋಗಲು ಇಬ್ಬರೂ ಹನೂರಿನ ಬಸ್ಸು ಹತ್ತಿದೆವು.