ಓತಿಕ್ಯಾತದ ಹೊಟ್ಟೆ, ಅತ್ತಿಯ ಡಬ್ಬಿ

ಇದರಲ್ಲಿ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಆ ದಿನದ ಡೈರಿಯಲ್ಲಿ ಇರುವುದು ಮೂರೇ ಪದ: "ಹುಳ. ಮಸ್ಕಿ. ಎಳ್ಳುಂಡಿ." ಉಳಿದದ್ದೆಲ್ಲ ನೆನಪು. ಬಂದವರಿಗೆ ಹೇಳಿ ಹೇಳಿ ನಾನೇ ಎಷ್ಟು ಸೇರಿಸಿದ್ದೇನೋ ಗೊತ್ತಿಲ್ಲ. ಡಬ್ಬಿ ಮಾತ್ರ ಈಗಲೂ ಅಡುಗೆಮನೆಯಲ್ಲಿದೆ. ಡಬ್ಬಿಯ ಮಟ್ಟಿಗೆ ನನ್ನನ್ನು ನಂಬಬಹುದು.

ನನ್ನ ಜೊತೆ ಎಂ.ಎ. ಓದಿದ ಹೈದರಾಬಾದಿನ ಗೆಳತಿಯೊಬ್ಬಳು ಮನೆ ಬದಲಿಸುವಾಗ, ಒಂದು ತಿಂಗಳು ನೋಡಿಕೋ ಎಂದು ತನ್ನ ಗಡ್ಡದ ಓತಿಕ್ಯಾತವನ್ನು ಸಿಂಧನೂರಿನ ನಮ್ಮ ಮನೆಗೆ ತಂದುಬಿಟ್ಟಳು. ಆಸ್ಟ್ರೇಲಿಯಾ ಮೂಲದ ಪ್ರಾಣಿ. ಸಿಟ್ಟು ಬಂದರೆ ಕೊರಳ ಕೆಳಗಿನ ಮುಳ್ಳುಗಡ್ಡ ಉಬ್ಬಿಸಿ ಕಪ್ಪಾಗುತ್ತದೆ. "ಬೇಲ್ಯಾಗ ಇರೋವು ಸಾಲಲಿಲ್ಲಂತ ಫಾರಿನ್ ಓತಿಕ್ಯಾತ ಸಾಕ್ಯಾಳ," ಎಂದು ಅವ್ವ ಮೊದಲ ವಾರ ಎಲ್ಲರಿಗೂ ಹೇಳಿದಳು. ಎರಡನೆಯ ವಾರ ತಾನೇ ಅದಕ್ಕೆ ನುಗ್ಗೆಸೊಪ್ಪು ಸೋಸಿ ಇಡತೊಡಗಿದಳು.

ಮೂರನೆಯ ವಾರ ಅದು ತಿನ್ನುವುದು ಬಿಟ್ಟಿತು. ಬಾಲದ ಬುಡ ಸೊರಗಿತು. ಒಂದು ಬೆಳಿಗ್ಗೆ ಅದರ ಹಿಕ್ಕೆಯಲ್ಲಿ ಬಿಳಿ ದಾರದ ಚೂರಿನಂಥವು ಅಲುಗಾಡಿದವು. ತಪ್ಪು ನನ್ನದೇ ಇರಬೇಕು: ಅದರ ಆಹಾರಕ್ಕೆಂದು ಗೆಳತಿ ಕೊಟ್ಟ ಹುಳದ ಡಬ್ಬ ಮುಗಿದ ಮೇಲೆ ಗೊರೇಬಾಳದ ಗದ್ದೆ ಬದುವಿನಲ್ಲಿ ಮಿಡತೆ ಹಿಡಿದು ತಿನ್ನಿಸಿದ್ದೆ. ಅವಳು ಬರಲು ಎಂಟು ದಿನ ಉಳಿದಿತ್ತು. ಒಬ್ಬರು ನಂಬಿ ಕೊಟ್ಟ ಜೀವ ನನ್ನ ಕೈಯಲ್ಲಿ ಹೋಗುತ್ತದೆ ಎಂಬ ಭಯಕ್ಕೆ ನನಗೂ ಊಟ ಸೇರದಾಯಿತು.

ಊರಿನ ಪಶುವೈದ್ಯರು ದೂರದಿಂದಲೇ ನೋಡಿ, "ಎಮ್ಮಿ ತರ್ರಿ, ಕುರಿ ತರ್ರಿ, ನೋಡ್ತೀನಿ. ಇದಕ್ಕ ಎಲ್ಲಿ ಹಿಡೀಬೇಕು ಅನ್ನೋದ ಗೊತ್ತಿಲ್ಲ ನನಗ," ಎಂದು ಕೈಮುಗಿದರು. ಲಿಂಗಸೂಗೂರಿನ ಒಬ್ಬ ಡಾಕ್ಟರ ನಂಬರು ಕೊಟ್ಟರು. ಅವರು ಫೋನಿನಲ್ಲಿ, "ಬಿಸಲಾಗ ಪ್ರಾಣಿ ತರಬ್ಯಾಡ್ರಿ ಮೇಡಂ. ಇವತ್ತಿನ ಹಿಕ್ಕಿ ಒಂದು ಡಬ್ಬ್ಯಾಗ ಹಾಕ್ಕೊಂಡು ಬರ್ರಿ. ನಾಕು ಗಂಟೆಕ್ಕ ಸಿಗ್ತೀನಿ," ಎಂದರು.

ಕೈಗೆ ಸಿಕ್ಕಿದ್ದು ಪುಟ್ಟ ಸ್ಟೀಲ್ ಡಬ್ಬಿ. ತಳದಲ್ಲಿ ಅಜ್ಜನ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಕೊರೆಸಿದ್ದು. ಅವ್ವನಿಗೆ ಹೇಳದೆ ಹಿಕ್ಕೆಯನ್ನು ಅದರಲ್ಲೇ ಹಾಕಿ ಚೀಲದಲ್ಲಿಟ್ಟುಕೊಂಡೆ. ದಾರಿಯಲ್ಲಿ ಮಸ್ಕಿ, ಮಸ್ಕಿಯಲ್ಲಿ ಅಪ್ಪನ ಅಕ್ಕ, ನನ್ನ ಸೋದರತ್ತಿ. ಯಾರ ಮನೆಯ ತೊಕ್ಕಾದರೂ ಬೆರಳ ತುದಿಯಿಂದ ನಾಲಿಗೆಗೆ ಹಚ್ಚಿಕೊಂಡು "ಉಪ್ಪು ಕಮ್ಮಿ" ಎಂದು ತೀರ್ಪು ಕೊಡುವವಳು. "ಮಸ್ಕಿ ಮ್ಯಾಲೆ ಹೋಗಿ ಅಕಿ ಮನಿಗೆ ಹೋಗಲಿಲ್ಲಂದ್ರ ವರ್ಷಗಟ್ಲೆ ಆಡ್ತಾಳ," ಎಂದು ಅವ್ವ ಚೀಲಕ್ಕೆ ಶೇಂಗಾ ಚಟ್ನಿಯ ಪೊಟ್ಟಣವನ್ನೂ ತುರುಕಿದಳು.

ತವರಿನಿಂದ ಬಂದ ಚೀಲವನ್ನು ಅತ್ತಿ ಕೇಳದೆ ಬಿಚ್ಚುತ್ತಾಳೆ. ಅದು ಅವಳ ಹಕ್ಕು. ಅದು ಗೊತ್ತಿದ್ದೂ ನಾನು ಅವಳ ಮನೆಯಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ ಉಂಡು ಫ್ಯಾನಿನ ಕೆಳಗೆ ಅಡ್ಡಾದೆ. ಎದ್ದಾಗ ಚೀಲ ಬಾಗಿಲ ಬಳಿ ತಯಾರಾಗಿತ್ತು. ಡಬ್ಬಿ ಇದೆಯೇ ಎಂದು ಮುಟ್ಟಿ ನೋಡಿದೆ. ಇತ್ತು. ತುಸು ಭಾರವಾಗಿತ್ತು ಎಂದು ಈಗ ಅನ್ನಿಸುತ್ತದೆ, ಆದರೆ ಅದು ಆಮೇಲೆ ಸೇರಿಕೊಂಡ ನೆನಪು ಇರಬೇಕು.

ಲಿಂಗಸೂಗೂರಿನಲ್ಲಿ ಡಾಕ್ಟರು ಗ್ಲೌಸ್ ಹಾಕಿಕೊಂಡು, ಗಾಜಿನ ಪಟ್ಟಿ ಒರೆಸಿಟ್ಟು, ಮುಚ್ಚಳ ತೆಗೆದರು. ಒಳಗೆ ಕಂದುಬಣ್ಣದ ಗುಂಡನೆಯ ವಸ್ತು. ಚಿಮಟದಿಂದ ಹೊರಳಿಸಿದರು.

"ಪ್ರಾಣಿ ಎಷ್ಟು ಉದ್ದ ಐತಿ ಅಂದ್ರಿ?"

"ಒಂದೂವರಿ ಅಡಿ ರೀ, ಬಾಲ ಹಿಡದು."

"ಅಷ್ಟರದು ಇಷ್ಟು ದೊಡ್ಡದು ಹಾಕೈತೇನ್ರಿ?" ಮೂಗಿನ ಹತ್ತಿರ ತಂದರು.  "ಮೇಡಂ, ಏಲಕ್ಕಿ ವಾಸನಿ ಬರಾಕತ್ತೈತ್ರಿ."

ಎಳ್ಳುಂಡಿ. ತನ್ನ ಅಪ್ಪನ ಹೆಸರಿದ್ದ ಡಬ್ಬಿಯನ್ನು ಅತ್ತಿ ಖಾಲಿ ಕಳಿಸುವುದುಂಟೇ? ಬೂದಿ ಹಾಕಿ ತಿಕ್ಕಿ ಫಳಫಳ ಮಾಡಿ, ತುಂಬಿಸಿ ಕೊಟ್ಟಿದ್ದಳು.

ಇದನ್ನು ಹೇಳಿದ್ದಕ್ಕೆ ಡಾಕ್ಟರು ನಕ್ಕು ಮುಗಿಸಿ, "ಆ ಹಿಕ್ಕಿ ಮುಟ್ಟಿದವರಿಗೆ ಸಾಬೂನು ಹಚ್ಚಿ ಕೈ ತೊಳಕೊಳ್ಳಾಕ ಹೇಳ್ರಿ. ಈ ಹುಳ ಮನುಷ್ಯಾರಿಗೆ ಹತ್ತಂಗಿಲ್ಲ. ಆದ್ರ ಬ್ಯಾರೆ ಏನರ ಹತ್ತಿ ಹೊಟ್ಟಿ ಕೆಡಬಹುದು," ಎಂದರು. ಅಲ್ಲಿಂದಲೇ ಫೋನ್ ಮಾಡಿದೆ.

"ಅತ್ತೀ, ಡಬ್ಬ್ಯಾಗ ಇದ್ದದ್ದು ಏನು ಮಾಡಿದಿ?"

"ಹುಣಸಿ ತೊಕ್ಕೇನವ್ವ? ಕೆಟ್ಟಿತ್ತು, ಚೆಲ್ಲೀನಿ. ನಿಮ್ಮವ್ವಗ ಹೇಳಬ್ಯಾಡ, ಮನಸಿಗೆ ಹಚ್ಕೊಂತಾಳ."

"ಅದು ತೊಕ್ಕಲ್ಲಬೇ, ಓತಿಕ್ಯಾತದ ಹಿಕ್ಕಿ. ಕೈ ತೊಳಕೊಂಡೀಯಿಲ್ಲೋ?"

 "ಹಾಲು ಉಕ್ಕಾಕತ್ತೈತಿ," ಎಂದು ಫೋನ್ ಇಟ್ಟಳು.

ಮರುದಿನ ಹೊಸ ಹಿಕ್ಕೆ ಹಾಕಿದ ಪ್ಲಾಸ್ಟಿಕ್ ಡಬ್ಬಿಯನ್ನು ಮಡಿಲಲ್ಲಿ ಹಿಡಿದು ಬಸ್ಸಿನಲ್ಲಿ ಕೂತೆ. ಮಸ್ಕಿಯಲ್ಲಿ ಬಸ್ಸು ನಿಂತಷ್ಟೂ ಹೊತ್ತು ಕಿಟಕಿಯ ಕೆಳಗೆ ತಲೆ ತಗ್ಗಿಸಿದ್ದೆ. ಸೂಕ್ಷ್ಮದರ್ಶಕದಲ್ಲಿ ಹುಳದ ತತ್ತಿಗಳನ್ನು ಡಾಕ್ಟರು ನನಗೂ ತೋರಿಸಿದರು, ಅಕ್ಕಿಕಾಳಿನಂತೆ ಕಂಡವು. ತೂಕಕ್ಕೆ ತಕ್ಕಂತೆ ಔಷಧಿ ಕೊಡಬೇಕಿತ್ತು. ಊರಿಗೆ ಮರಳಿ ಬಂಗಾರದಂಗಡಿಯ ತಕ್ಕಡಿಯ ಮೇಲೆ ಓತಿಕ್ಯಾತವನ್ನು ಕೂರಿಸಿದಾಗ ಅಂಗಡಿಯವರು, "ಹಾಲ್‌ಮಾರ್ಕ್ ಐತೇನ್ರಿ?" ಎಂದರು. ಮನೆಯಲ್ಲಿ ಅವ್ವ ಅದನ್ನು ಟವೆಲಿನಲ್ಲಿ ಸುತ್ತಿ ಹಿಡಿದು, "ಬಾಯಿ ತೆರಿಯೋ ನನ್ನಪ್ಪಾ," ಎಂದು ರಮಿಸುತ್ತಿದ್ದಳು; ನಾನು ಸೂಜಿಯಿಲ್ಲದ ಸಿರಿಂಜಿನಿಂದ ಹನಿ ಹನಿ ಬಿಡುತ್ತಿದ್ದೆ. ಐದನೆಯದೋ ಆರನೆಯದೋ ದಿನ ಅದು ಒಂದು ನುಗ್ಗೆ ಎಲೆ ಕಚ್ಚಿತು. ಗೆಳತಿ ಬಂದು ಕರೆದೊಯ್ಯುವಾಗ ಅವಳಿಗೇ ಗಡ್ಡ ಉಬ್ಬಿಸಿತು.

ಆ ವಾರ ಅತ್ತಿ ಎರಡು ದಿನ ಬರೀ ಮಜ್ಜಿಗೆ ಕುಡಿದಿದ್ದಳೆಂದು ಅವ್ವ ಹೇಳಿದಳು. ವ್ರತವೂ ಇರಬಹುದು, ನಾನು ಬರೆದಿಟ್ಟಿಲ್ಲ. ಹೋದ ತಿಂಗಳು ಅತ್ತಿ ಸಿಂಧನೂರಿಗೆ ಬಂದಿದ್ದಳು. ಅವ್ವ ಬಡಿಸಿದ ತೊಕ್ಕನ್ನು ಬೆರಳಲ್ಲಿ ಮುಟ್ಟದೆ, ತಟ್ಟೆಯ ಅಂಚಿಗೆ ಸರಿಸಿ, ಮಳೆಯ ಮಾತು ತೆಗೆದಳು. ನಾನು ಮೆಲ್ಲಗೆ ಕೇಳಿದೆ:

"ಅತ್ತೀ, ಅವತ್ತು ಡಬ್ಬ್ಯಾಗ ಇದ್ದದ್ದು ಕೆಟ್ಟೈತಿ ಅಂತ ನಿನಗ ಹೆಂಗ ಗೊತ್ತಾತು?"