ಇಪ್ಪತ್ತು ಚೌಕದ ಮುಖ

ತೊಂಬತ್ತರ ದಶಕದ ಕೊನೆಗೆ ನಾನು ಸಿರ್ಸಿಯ ಒಂದು ಡಿಟಿಪಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ಮದುವೆ ಕಾಗದ ಟೈಪು ಮಾಡುವುದರಲ್ಲಿ ನನ್ನ ಕೈ ಚುರುಕು. ಫೋಟೋ ಕೆಲಸ ಮಾತ್ರ ಹೊಸದು.

ಒಂದು ದಿನ ನಿಲ್ಕುಂದದ ಹೆಂಗಸೊಬ್ಬರು ಹಳೆಯ ಕಪ್ಪು-ಬಿಳುಪು ಗುಂಪುಫೋಟೋ ತಂದರು. ಹಿಂದಿನ ಸಾಲಿನಲ್ಲಿ, ಕಡಲೆಕಾಳಿನಷ್ಟು ಮುಖ, ತೀರಿಹೋದ ಅವರ ತಾಯಿಯದು. ಬೇರೆ ಫೋಟೋ ಇರಲಿಲ್ಲ. ಅದನ್ನು ದೊಡ್ಡದು ಮಾಡಿ ಗೋಡೆಗೆ ಹಾಕಬೇಕಿತ್ತು.

"ಮಾಡಿಕೊಡ್ತೆ ಅಕ್ಕಾ" ಎಂದೆ. ಇಡೀ ಫೋಟೋವನ್ನು ಸ್ಕ್ಯಾನ್ ಮಾಡಿ, ಡಿಸ್ಕಿನಲ್ಲಿ ಜಾಗ ಉಳಿಯಲೆಂದು ಬೂದು ಬಣ್ಣದ ಛಾಯೆಗಳನ್ನು ಹದಿನಾರಕ್ಕೆ ಇಳಿಸಿ, ಫೋಟೋ ವಾಪಸು ಕೊಟ್ಟೆ.

ಮುಂದಿನ ವಾರ ಅವರ ಕೈಗೆ ಪ್ರಿಂಟ್ ಕೊಟ್ಟಾಗ ನನಗೇ ನಾಚಿಕೆಯಾಯಿತು. ಕೆನ್ನೆ ತೇಪೆ ಹಚ್ಚಿದಂತಿತ್ತು. ಕಣ್ಣಿದ್ದಲ್ಲಿ ಕರಿ ಚೌಕಗಳು. ಅವರು ಬಹಳ ಹೊತ್ತು ನೋಡಿ, "ಇದು ಯನ್ನ ಆಯಿ ಅಲ್ಲ ತಂಗಿ" ಎಂದು ಎದ್ದು ಹೋದರು.

"ದೊಡ್ಡದು ಮಾಡಿದ್ರೆ ಹಂಗೇ ಆಗೋದು, ಬಿಡು" ಎಂದರು ಮಾಲೀಕರು. ನಾನು ಬಿಡಲಿಲ್ಲ. ಅಕ್ಷರವನ್ನು ಎಷ್ಟು ಹಿಗ್ಗಿಸಿದರೂ ಅಂಚು ನುಣುಪಾಗಿಯೇ ಇರುತ್ತಿತ್ತಲ್ಲ! ಚಿತ್ರವನ್ನು ತೆರೆಯ ಮೇಲೆ ಹಿಗ್ಗಿಸಿ ಎಣಿಸಿದೆ. ಮುಖದ ಅಗಲಕ್ಕೆ ಇದ್ದದ್ದು ಇಪ್ಪತ್ತೇ ಚೌಕ. ಅಕ್ಷರಕ್ಕೆ ಗೆರೆಯ ಆಕಾರವಿದೆ, ಕಂಪ್ಯೂಟರ್ ಅದನ್ನು ಬೇಕಾದ ಅಳತೆಗೆ ಹೊಸದಾಗಿ ಬರೆಯುತ್ತದೆ. ಸ್ಕ್ಯಾನ್ ಮಾಡಿದ ಫೋಟೋದಲ್ಲಿರುವುದು ಬರೀ ಬಣ್ಣದ ಚೌಕ. ಹಿಗ್ಗಿಸಿದರೆ ಇಲ್ಲದ ವಿವರ ಹುಟ್ಟುವುದಿಲ್ಲ. ಕೆನ್ನೆಯ ನೆರಳನ್ನಂತೂ ಬಣ್ಣ ಇಳಿಸುವಾಗ ನಾನೇ ಅಳಿಸಿದ್ದೆ.

ಭಾನುವಾರ ನಿಲ್ಕುಂದದ ಬಸ್ಸು ಹತ್ತಿ, ಅವರ ಮನೆ ಕೇಳಿಕೊಂಡು ಹೋದೆ. "ತಪ್ಪು ಯನ್ನದು ಅಕ್ಕಾ. ಫೋಟೋ ಇನ್ನೊಂದ್ಸಲ ಕೊಡಿ."

"ಹಾಳಾದ್ರೆ ಬೇರೆ ಇಲ್ಲೆ" ಎಂದರು.

"ಆನೇ ವಾಪಸ್ ತಂದ್ಕೊಡ್ತೆ" ಎಂದು ನಾನೇ ಹೊಣೆ ಹೊತ್ತೆ.

ಎರಡು ರಟ್ಟಿನ ನಡುವೆ ಇಟ್ಟುಕೊಂಡು ತಂದೆ. ಈ ಸಲ ಮುಖದ ಭಾಗವನ್ನಷ್ಟೇ, ಯಂತ್ರಕ್ಕೆ ಸಾಧ್ಯವಾದಷ್ಟು ಸೂಕ್ಷ್ಮವಾಗಿ ಸ್ಕ್ಯಾನ್ ಮಾಡಿದೆ. ಬೂದು ಬಣ್ಣದ ಇನ್ನೂರೈವತ್ತಾರು ಛಾಯೆಯನ್ನೂ ಉಳಿಸಿಕೊಂಡೆ. ಕಂಪ್ಯೂಟರ್ ಎರಡು ಬಾರಿ ನಿಂತಿತು. ಮೂರನೆಯ ಸಲ ಮುಖ ಮೂಡಿತು. ಅಗಲಕ್ಕೆ ಮುನ್ನೂರಕ್ಕೂ ಹೆಚ್ಚು ಚೌಕ!

ಹಳೆಯ ಫೋಟೋವನ್ನೂ ಹೊಸ ಪ್ರಿಂಟನ್ನೂ ತೆಗೆದುಕೊಂಡು ಮತ್ತೆ ನಿಲ್ಕುಂದಕ್ಕೆ ಹೋದೆ. "ಪೋಸ್ಟ್‌ಕಾರ್ಡಿನಷ್ಟೇ ಅಕ್ಕಾ. ಇದಕ್ಕಿಂತ ದೊಡ್ಡದು ಮಾಡಿದ್ರೆ ಮುಖ ಕೆಡ್ತು" ಎಂದು ಇದ್ದದ್ದನ್ನು ಹೇಳಿದೆ.

ಅವರು ಚಿತ್ರವನ್ನು ಅಂಗಳದ ಬೆಳಕಿಗೆ ಹಿಡಿದರು. "ಬಿಸ್ಲಿಗೆ ಕಣ್ಣು ಸಣ್ಣ ಮಾಡಿದ್ದು ನೋಡು" ಎಂದವರೇ ಒಳಗಿದ್ದ ಅಣ್ಣನನ್ನು ಕರೆದು, ಚಿತ್ರ ಯಾರದೆಂದು ಹೇಳದೆ ಅವರ ಕೈಗಿತ್ತರು.

"ಆಯಿ" ಎಂದವರೇ ಅಣ್ಣ ಜಗುಲಿಯ ಮೇಲೆ ಕೂತುಬಿಟ್ಟರು.